ಅತ್ತೆಯ ಕೈಗೆ ಸಿಕ್ಕ ಕಿವಿಗಳು

ನಮ್ಮ ಸೋದರತ್ತೆಯ ಕೈಗೆ ಸಿಕ್ಕದ ಕಿವಿಯೊಂದು ಮಧುಗಿರಿಯಲ್ಲಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದ್ದರೂ ಅದರ ಒಡೆಯರು ಮೊನ್ನೆ ಮೊನ್ನೆ ವರ್ಗವಾಗಿ ಬಂದ ಸರ್ಕಾರಿ ನೌಕರರಿರಬೇಕು. ಅವರಿಗಿನ್ನೂ ನೆಗಡಿಯಾಗಿ ಕಿವಿ ಕಟ್ಟಿಲ್ಲ, ಅಷ್ಟೆ!

ಲೋಕದ ಜನ ಮನುಷ್ಯರನ್ನು ಎದುರಿನಿಂದ ನೋಡುತ್ತಾರೆ. ಅತ್ತೆ ಪಕ್ಕದಿಂದ ನೋಡುತ್ತಾರೆ. ಎದುರು ಬಂದವನು ತಲೆಯನ್ನು ಕೊಂಚ ವಾಲಿಸಿದರೆ ಸಾಕು, ವಿಚಾರಣೆ ಶುರು.

"ಸೋರ್ತೈತೋ, ಬರೀ ನೋವೋ?"

"ಎರಡೂ ಇಲ್ಲ ಕಣಮ್ಮ, ಕತ್ತು ಉಳುಕೈತೆ."

"ಅದೂ ಕಿವಿಯಿಂದ್ಲೇ ಸುರುವಾಗೋದು. ಕೂತ್ಕೊ."

ಕೂತವನಿಗೆ ಬಿಡುಗಡೆಯುಂಟೆ? ಬೆಳ್ಳುಳ್ಳಿ ಜಜ್ಜಿ ಕಾಯಿಸಿದ ಎಣ್ಣೆ ಅತ್ತೆಯ ಬ್ರಹ್ಮಾಸ್ತ್ರ. ಕೆಂಡದಲ್ಲಿ ಸುಟ್ಟ ಈರುಳ್ಳಿಯ ರಸ, ತುಳಸಿ ರಸ, ಬಾಡಿಸಿ ಹಿಂಡಿದ ದೊಡ್ಡಪತ್ರೆ ರಸ, ಇವು ಬೆನ್ನಿಗೆ ಬರುವ ಕಾಲಾಳುಗಳು. ಅವರ ಮನೆಯಿಂದ ಹೊರಬಿದ್ದ ರೋಗಿ ಬೀದಿಯಲ್ಲಿ ನಡೆದರೆ, ಯಾರ ಮನೆಯಲ್ಲೋ ಸಾರಿಗೆ ಒಗ್ಗರಣೆ ಬಿತ್ತೆಂದು ಜನ ತಟ್ಟೆ ಹಾಕಿಕೊಳ್ಳುತ್ತಿದ್ದರು!

ಕೊರಟಗೆರೆಯಲ್ಲಿ ನಮ್ಮ ನೆಂಟರ ಮದುವೆ. ಬೆಳಿಗ್ಗೆ ಎದ್ದ ಮದುಮಗ, ಕಿವಿ ಗುಂಯ್ ಎನ್ನುತ್ತಿದೆ ಎಂದು ಬಾಯಿ ತಪ್ಪಿ ಅಂದುಬಿಟ್ಟ. ಮುಹೂರ್ತದ ಹೊತ್ತಿಗೆ ಅವನ ಎರಡೂ ಕಿವಿಗಳು ಎಣ್ಣೆಯಿಂದ ತುಂಬಿ, ಮೇಲೆ ಹತ್ತಿಯ ಮುಚ್ಚಳ ಬಿದ್ದಿತ್ತು. ಪುರೋಹಿತರು ಕೂಗಿದರು, ಮಾವನಾಗುವವರು ಕೂಗಿದರು, ಗಟ್ಟಿಮೇಳ ಕೂಗಿತು. ಹುಡುಗ ಮಾತ್ರ ತಾಳಿ ಹಿಡಿದು ಪರಮಶಾಂತಿಯಿಂದ ಕೂತಿದ್ದ. ಕೊನೆಗೆ ಮದುಮಗಳೇ ಅವನ ಕೈ ಹಿಡಿದು ತನ್ನ ಕೊರಳಿಗೆ ಎಳೆದುಕೊಂಡಳು. ಆ ಮನೆಯ ಆಡಳಿತ ಇಂದಿಗೂ ಅದೇ ರೀತಿ ಸಾಗುತ್ತಿದೆ ಎಂದು ವರದಿ.

ಇನ್ನೊಮ್ಮೆ ಶಿರಾ ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬ ಕಿವಿಗೆ ಕೈ ಒತ್ತಿಕೊಂಡು ಟಿಕೆಟ್ ಕೊಡುತ್ತಿದ್ದ. ಅತ್ತೆ ಅವನನ್ನು ಕೆಳಗಿಳಿಸಿ, ಎದುರಿನ ಚಹಾ ಅಂಗಡಿಗೆ ಕರೆದೊಯ್ದು, ಉಪ್ಪು ಹುರಿದುಕೊಡಲು ಅಪ್ಪಣೆ ಮಾಡಿದರು.

"ಅರೆ ಅಮ್ಮಾ, ಇದು ಚಾಯ್ ದುಕಾನು, ದವಾಖಾನೆ ಅಲ್ಲ!" ಎಂದ ಅಂಗಡಿಯವನು.

"ಬೆಂಕಿ ಐತಲ್ಲ, ಸಾಕು ಬುಡಪ್ಪ."

ಬಿಸಿ ಉಪ್ಪನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಕಂಡಕ್ಟರನ ಕಿವಿಗೆ ಶಾಖ ಕೊಡುವವರೆಗೆ ಬಸ್ಸು ಹೊರಡಲಿಲ್ಲ. ಪಾವಗಡಕ್ಕೆ ಹೋಗಬೇಕಿದ್ದವರು ಕನ್ನಡದಲ್ಲಿ ಬೈದು, ಸಾಲದೆ ತೆಲುಗಿನಲ್ಲೂ ಬೈದರು. ಅತ್ತೆ ಕಿವಿಗೊಡಲಿಲ್ಲ. ಅವರ ಗಮನವೆಲ್ಲ ಒಂದೇ ಕಿವಿಯ ಮೇಲಿತ್ತು.

ಇಂಥ ಧನ್ವಂತರಿಯ ಸ್ವಂತ ಕಿವಿಗೇ ರೋಗ ಬಂದರೆ? ಬಂತು! ಬಲಗಿವಿ ಸೋರತೊಡಗಿತು. ಅತ್ತೆ ಗುಟ್ಟಾಗಿ ತಮ್ಮ ಸಕಲ ಅಸ್ತ್ರಗಳನ್ನೂ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಹೊರಗೆ ಏನೂ ಆಗದವರಂತೆ ಫೋನನ್ನು ಎಡಗಿವಿಗೆ ಬದಲಾಯಿಸಿದರು. ಕುಕ್ಕರ್ ಕೂಗಿ ಕೂಗಿ ಸುಸ್ತಾದರೆ ಕುಕ್ಕರಿನ ಸೀಟಿಯೇ ಕೆಟ್ಟಿದೆ ಎಂದರು. ಕೊನೆಗೊಂದು ದಿನ ಮಾವ, ಎಂದರೆ ಅತ್ತೆಯ ಯಜಮಾನರು, ನನಗೆ ಫೋನ್ ಮಾಡಿದರು. ಮಾವ ನಿವೃತ್ತ ಮೇಷ್ಟ್ರು. ಅವರ ದನಿ ಎಷ್ಟು ಮೆಲ್ಲಗೆಂದರೆ, ಪಾಠ ಕೇಳಬೇಕೆನ್ನುವ ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದರಂತೆ.

"ನಿಮ್ಮತ್ತೆಗೆ ನಾನು ಮಾತಾಡಿದ್ದು ಗೊತ್ತಾಗ್ತಿಲ್ಲ ಕಣಪ್ಪ" ಎಂದರು. "ಜಗಳಕ್ಕೂ ಬರ್ತಿಲ್ಲ."

ಅವರನ್ನು ಬಸ್ಸು ಹತ್ತಿಸಲು ನಾನೂ ಮಾವನೂ ಪಟ್ಟ ಪಾಡು ನಮಗೇ ಗೊತ್ತು. ಅಂತೂ ತುಮಕೂರಿನ ಕಿವಿ ಡಾಕ್ಟರ ಮುಂದೆ ಕೂರಿಸಿದೆವು. ಡಾಕ್ಟರು ಚಿಕ್ಕ ಪ್ರಾಯದ ಹೆಣ್ಣುಮಗಳು. ಕಿವಿಗೆ ಲೈಟು ಬಿಟ್ಟು ಬಹಳ ಹೊತ್ತು ನೋಡಿ, "ಅಜ್ಜಿ, ಏನೇನು ಹಾಕಿದ್ರಿ ಇದಕ್ಕೆ?" ಎಂದರು.

ಅತ್ತೆ ಹೆಮ್ಮೆಯಿಂದ ಒಂದೊಂದಾಗಿ ಒಪ್ಪಿಸಿದರು. ಬೆಳ್ಳುಳ್ಳಿ, ಈರುಳ್ಳಿ, ಎಣ್ಣೆ, ತುಳಸಿ, ದೊಡ್ಡಪತ್ರೆ.

"ಉಪ್ಪು?"

"ಅದು ಹೊರಗಡೆಗೆ ಕಣಮ್ಮ, ಒಳಕ್ಕೆ ಹಾಕ್ಬಾರ್ದು. ನಿಮ್ಗೆ ಓದಿನಾಗೆ ಹೇಳ್ಕೊಟ್ಟಿಲ್ವಾ?"

ಡಾಕ್ಟರು ನಗಲಿಲ್ಲ. ಕಿವಿಯ ತಮಟೆಯಲ್ಲಿ ತೂತು ಬಿದ್ದಿದೆ, ಒಳಗೆ ಕೀವು ಕೂತಿದೆ, ಎಣ್ಣೆ ರಸಗಳೆಲ್ಲ ಆ ತೂತಿನಿಂದಲೇ ಒಳಕ್ಕಿಳಿದಿವೆ ಎಂದರು. "ಎಡಗಿವಿ ಚೆನ್ನಾಗಿದೆ. ಬಲಗಡೆ ಮೊದಲು ಒಣಗಲಿ. ಕೇಳಿಸೋದು ಎಷ್ಟು ಉಳಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ. ನಾನು ಕೊಟ್ಟಿದ್ದು ಬಿಟ್ಟು ಒಂದು ತೊಟ್ಟು ನೀರೂ ಕಿವಿಗೆ ಬೀಳಬಾರದು."

"ಏನೂ ಹಾಕ್ಬಾರ್ದಾ?"

"ಏನೂ ಹಾಕಬಾರದು."

ಅನ್ನ ಬಿಡಿ ಎಂದಿದ್ದರೆ ಅತ್ತೆ ಬಿಡುತ್ತಿದ್ದರೇನೋ! ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವರ ಮುಖದಲ್ಲಿ ರಾಜ್ಯ ಕಳೆದುಕೊಂಡವರ ಕಳೆಯಿತ್ತು. ಮೆಟ್ಟಿಲ ಕೆಳಗೆ ನಿಂತು, "ಊರ್ನೋರ್ ಕಿವೀಗೆಲ್ಲ ಹುಯ್ದೆ. ಯಾರ್ದಾದ್ರೂ ಹಿಂಗೆ ತೂತು ಬಿದ್ದಿತ್ತೋ ಏನೋ ಕಣ್ಲಾ" ಎಂದರು. ಆಮೇಲೆ ಮಾತಾಡಲಿಲ್ಲ. ಅತ್ತೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಡಾಕ್ಟರು ಮಾತ್ರೆ ಬರೆಯದೆ ಹೋಗಿದ್ದರೂ ಪರವಾಗಿಲ್ಲ, ಅತ್ತೆ ಯಾರನ್ನಾದರೂ ಬೈದರೆ ಸಾಕು ಅನ್ನಿಸಿತು.

ಮಧುಗಿರಿಯ ಬಸ್ಸಿನಲ್ಲಿ ಎಡಸಾಲಿನಲ್ಲಿ ಇಬ್ಬರ ಸೀಟು ಸಿಕ್ಕಿತು. ಅತ್ತೆ ಅಭ್ಯಾಸದಂತೆ ಕಿಟಕಿ ಪಕ್ಕ ಕೂತರು. ಮಾವ ಕೂರದೆ ನಿಂತೇ ಇದ್ದರು. ಹಿಂದಿನ ಸೀಟಿನಲ್ಲಿದ್ದ ನಾನು ನೋಡುತ್ತಿದ್ದೆ. ಮಾವ ಬಗ್ಗಿ ಅತ್ತೆಯ ಭುಜ ಮುಟ್ಟಿ, ಕಿಟಕಿಯತ್ತ ಬೊಟ್ಟು ಮಾಡಿ, ತಾವು ಅಲ್ಲಿ ಕೂರುವುದಾಗಿ ಸನ್ನೆ ಮಾಡಿದರು.

"ಇದೇನ್ರೀ ಇದು! ಇಷ್ಟ್ ವರ್ಸ ಇಲ್ದಿದ್ ಕಿಟ್ಕಿ ಇವತ್ತ್ಯಾಕೆ ಬೇಕಾಯ್ತು? ವಯಸ್ಸಾದಂಗೆ ಮಕ್ಕಳ ಬುದ್ಧಿ ಬಂದ್ಬುಡ್ತು ನಿಮ್ಗೆ!"

ಅಬ್ಬ, ಬೈದರು! ಗೊಣಗುತ್ತಲೇ ಎದ್ದು ಈಚೆ ಸರಿದರು. ಮಾವ ಒಳಕ್ಕೆ ನುಸುಳಿ ಅವರ ಎಡಕ್ಕೆ ಕೂತರು. ಕಿಟಕಿಯಾಚೆಯ ಕಡೆ ತಿರುಗಿಯೂ ನೋಡಲಿಲ್ಲ.

ಕೊರಟಗೆರೆ ದಾಟಿದ ಮೇಲೆ ಮಾವ ಅತ್ತೆಯ ಕಡೆ ವಾಲಿ ಏನೋ ಹೇಳಿದರು. ಬಸ್ಸಿನ ಗಡಗಡ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಅತ್ತೆ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.