ಬದರಿನಾಥರ ಹಸಿವಿನ ಸಂಶೋಧನೆ

ಅರವತ್ತರ ದಶಕದಲ್ಲಿ ಮದರಾಸಿಗೆ ಅಕ್ಕಿಯ ಬರ ಬಂದಾಗ, ಟಿ. ನಗರದ ಒಂದು ವಠಾರದವರೆಲ್ಲ ಇದ್ದಕ್ಕಿದ್ದಂತೆ ದೈವಭಕ್ತರಾದರು. ಸೋಮವಾರ ಒಂದು ಮನೆಯಲ್ಲಿ ಉಪವಾಸ, ಗುರುವಾರ ಇನ್ನೊಂದರಲ್ಲಿ. ಈಗ ಆ ವಠಾರದ ಜಾಗದಲ್ಲಿ ಸೀರೆ ಅಂಗಡಿ ನಿಂತಿದೆ. ಆಗ ಎಲ್ಲರಿಗೂ ಒಂದೇ ಬಾವಿ, ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು.

ಅಲ್ಲೇ ಇದ್ದ ಕಾಲೇಜು ಮೇಷ್ಟ್ರು ಬದರಿನಾಥರಿಗೆ ಇದರಲ್ಲಿ ಸಂಶೋಧನೆಯ ವಾಸನೆ ಬಡಿಯಿತು. ವ್ರತಕ್ಕೂ ಆರೋಗ್ಯಕ್ಕೂ ಅನ್ನದ ಅಭಾವಕ್ಕೂ ಏನು ನಂಟು? ಒಂದು ಭಾನುವಾರ ಮನೆಮನೆ ವಿಚಾರಿಸಲು ಹೊರಟೇಬಿಟ್ಟರು.

"ಭೀಮಾಬಾಯಿ, ನಿಮ್ಮ ಉಪವಾಸ ಭಕ್ತಿಗೋ, ಅಕ್ಕಿ ಸಾಲದ್ದಕ್ಕೋ?"

ಪಕ್ಕದ ಮನೆಯ ಆ ಹಿರಿಯಾಕೆಯ ಮುಖ ಕೆಂಪಾಯಿತು. "ನಮ್ಮನೇಲಿ ಅನ್ನಕ್ಕೆ ಗತಿಯಿಲ್ಲ ಅಂದ್ಕೊಂಡ್ಯೇನಪ್ಪಾ? ಕೂತ್ಕೋ. ಉಂಡೇ ಏಳಬೇಕು."

ಉಂಡರು. ಎದುರು ಮನೆಯ ಅಕ್ಕು, ಹೋಟೆಲ್ ಅಡುಗೆಯವರೊಬ್ಬರ ಹೆಂಡತಿ, ಉಡುಪಿಯ ಕಡೆಯವಳು. "ನಮ್ಮಲ್ಲಿ ಊಟಕ್ಕೆ ತತ್ವಾರ ಅಂತ ಬರೆದ್ರೆ ಇವರ ಮರ್ಯಾದೆ ಎಲ್ಲಿ ಉಳೀತದೆ ಮಾರಾಯ್ರೆ? ಒಂಚೂರು ಉಂಡು ಹೋಗಿ." ಆ ಒಂಚೂರು ಎಲೆಯ ಅಂಚಿನವರೆಗೂ ಬಂತು.

ಮೂಲೆಮನೆಯ ಪೆನ್ಷನರ್ ವಿಷ್ಣುತೀರ್ಥರು ಪ್ರಶ್ನೆ ಮುಗಿಯಲೂ ಬಿಡಲಿಲ್ಲ. "ಪಸಿ ಗಿಸಿ, ಹಸಿವು ಗಿಸಿವು ಎಲ್ಲಾ ನಮ್ಮನೇಲಿ ಇಲ್ಲ ಸಾರ್. ಮೊದ್ಲು ಊಟಕ್ಕೆ ಏಳಿ."

ನೀರು ತುಂಬಿಸಿಕೊಂಡ ರೈಲಿನ ಇಂಜಿನ್ನಿನಂತೆ ಬುಸುಗುಡುತ್ತ ಬದರಿನಾಥರು ಮನೆ ಸೇರಿದರು. "ಕೌಸಲ್ಯಾ, ನಮ್ಮ ವಠಾರದಲ್ಲಿ ಹಸಿವೇ ಇಲ್ಲ ಕಣೆ. ಶುದ್ಧ ಭಕ್ತಿ. ಈವತ್ತೇ ಬರೀತೀನಿ."

ಹೆಂಡತಿ ಅಡುಗೆಮನೆಯ ಹೊಸಿಲಲ್ಲಿ ಕೂತು ಗಾಳಿ ಹಾಕಿಕೊಳ್ಳುತ್ತಿದ್ದಳು. "ಬರೀರಿ. ನನಗೆ ಮಾತ್ರ ಬರೀ ಮಜ್ಜಿಗೇನೇ ಗತಿಯಾಯ್ತು. ಭೀಮಾಬಾಯಿ, ಅಕ್ಕು, ವಿಷ್ಣುತೀರ್ಥರು, ಮೂರು ಮನೆಯವರೂ ಒಬ್ಬರ ಹಿಂದೊಬ್ಬರು ಹಿತ್ತಲಿಂದ ಬಂದ್ರು. ಯಾರೋ ದೊಡ್ಡ ಮನುಷ್ಯರು ದಿಢೀರಂತ ಊಟಕ್ಕೆ ಬಂದಿದಾರೆ, ಒಂದು ಪಾವು ಅಕ್ಕಿ ಕೊಡಿ ಅಂದ್ರು. ಇಲ್ಲ ಅನ್ನೋದು ಹ್ಯಾಗೆ? ರೇಷನ್ ಅಕ್ಕಿ ಪೂರ್ತಿ ಖಾಲಿ."

ದೊಡ್ಡ ಮನುಷ್ಯರ ತೇಗು ಗಂಟಲಲ್ಲೇ ನಿಂತಿತು. ಹಸಿದ ಹೆಂಡತಿಯ ಮುಖ ನೋಡಲಾರದೆ, ಒಂದು ಹಿಡಿ ಅಕ್ಕಿಯನ್ನಾದರೂ ವಾಪಸು ಕೇಳೋಣವೆಂದು ಪಾತ್ರೆ ಹಿಡಿದು ಭೀಮಾಬಾಯಿಯ ಮನೆಗೆ ನಡೆದರು.

ಬಾಯಿ ತೆರೆಯುವ ಮೊದಲೇ ಭೀಮಾಬಾಯಿ ಅವರ ಭುಜ ಒತ್ತಿ ಮಣೆಯ ಮೇಲೆ ಕೂರಿಸಿದರು. "ಇನ್ನೂ ನಂಬಿಕೆ ಬರ್ಲಿಲ್ವಾ? ಅದಕ್ಕೇ ಪಾತ್ರೆ ಹಿಡ್ಕೊಂಡು ಪರೀಕ್ಷೆ ಮಾಡಕ್ಕೆ ಬಂದ್ಯಾ? ಇನ್ನೊಂದ್ಸಲ ಉಣ್ಣು."

ಬದರಿನಾಥರು ದಿಕ್ಕುತೋಚದೆ ಕಿಟಕಿಯತ್ತ ನೋಡಿದರು. ಹೊರಗೆ ಭೀಮಾಬಾಯಿಯ ಸೊಸೆ ಜಯಲಕ್ಷ್ಮೀ ಸೆರಗಿನಡಿ ಖಾಲಿ ಪಾವು ಮುಚ್ಚಿಕೊಂಡು, ಕೌಸಲ್ಯಳ ಹಿತ್ತಲ ಕಡೆಗೆ ಬಿರಬಿರನೆ ಹೋಗುತ್ತಿದ್ದಳು.