ಕ್ಯಾರಮೆಲ್ ಅಂಚು ಪರಿಶೀಲನಾ ಸಮಿತಿಯ ವರದಿ

ಮನೆಯಲ್ಲಿ ತಯಾರಿಸಿದ ಮೃದು ಕ್ಯಾರಮೆಲ್ ಮಿಠಾಯಿ ಮಾರುವವರು ಪ್ರತಿ ತುಂಡಿನ ನಾಲ್ಕೂ ಅಂಚು ನೇರವಾಗಿವೆ ಎಂದು ನಮ್ಮ ಇಲಾಖೆಯಿಂದ ಪ್ರಮಾಣಪತ್ರ ಪಡೆಯತಕ್ಕದ್ದು. ತಪ್ಪಿದಲ್ಲಿ ಒಲೆ ಜಪ್ತಿ. ಅಂಚು ಸೊಟ್ಟಗಿರುವ ತುಂಡುಗಳನ್ನು ಸಮಿತಿಯು ಸ್ಥಳದಲ್ಲೇ ನಾಶಪಡಿಸತಕ್ಕದ್ದು. ನಾಶಪಡಿಸುವ ವಿಧಾನವನ್ನು ನಿಯಮದಲ್ಲಿ ಹೇಳಿಲ್ಲವಾದ್ದರಿಂದ ಸಮಿತಿಯ ಮೂವರೂ ಬಾಯಿಯನ್ನೇ ಬಳಸುತ್ತಾರೆ. ನಾನು ವರದಿ ಬರೆಯುವ ಗುಮಾಸ್ತ. ನನ್ನ ಪಾಲಿಗೆ ತಟ್ಟೆಗೆ ಅಂಟಿದ್ದು.

ಅರ್ಜಿದಾರರು ಟೈಲರ್ ಅಕ್ಕ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ, ಹೊಲಿಗೆ ಯಂತ್ರ ಮಾರಿ ಕ್ಯಾರಮೆಲ್ ಕಾಯಿಸತೊಡಗಿದ್ದರು. ಪ್ರಮಾಣಪತ್ರ ಸಿಗದಿದ್ದರೆ ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿಲ್ಲ.

ಮೊದಲ ತಟ್ಟೆಯನ್ನು ಚಾಕುವಿನಲ್ಲಿ ಕತ್ತರಿಸಿ ತಂದರು.

"ಅಂಚು ಚಾಕುಗೆ ಅಂಟಿ ಎಳ್ಕೊಂಡು ಬಂದಿದೆಯಲ್ಲಮ್ಮ," ಎಂದು ಅಧ್ಯಕ್ಷರು ಅಗಿಯುತ್ತಲೇ ಹೇಳಿದರು. "ಇನ್ನೊಂದು ತಟ್ಟೆ ತನ್ನಿ, ನೋಡೋಣ."

ಮೂರು ತಿಂಗಳಲ್ಲಿ ಹನ್ನೊಂದು ತಟ್ಟೆ ನೋಡಲಾಯಿತು. ಹಿರಿಯ ಸದಸ್ಯರು ಕರ್ತವ್ಯ ನಿರ್ವಹಿಸುತ್ತಲೇ ಒಂದು ಹಲ್ಲು ಕಳೆದುಕೊಂಡರು. ಅವರಿಗೆ ವಿಶೇಷ ರಜೆ ಮಂಜೂರಾಯಿತು. ಅವರು ಅದನ್ನು ಗುರುವಾರ ಬಿಟ್ಟು ಉಳಿದ ದಿನಗಳಲ್ಲಿ ಬಳಸಿಕೊಂಡರು, ಏಕೆಂದರೆ ಪರಿಶೀಲನೆ ಗುರುವಾರ.

ಹನ್ನೆರಡನೆಯ ಸಲ ಅಕ್ಕ ಒಬ್ಬ ಮಿಠಾಯಿಗಾರನಿಂದ ಕಟರ್ ಎರವಲು ತಂದರು. ಹಿಡಿಕೆಯ ಸರಳಿಗೆ ಸಾಲಾಗಿ ದುಂಡು ಬ್ಲೇಡು ಪೋಣಿಸಿದ್ದು. ಪ್ರತಿ ಬ್ಲೇಡಿಗೂ ಎಣ್ಣೆ ಸವರಿ, ಹಾಳೆಯಂತೆ ಹರಡಿದ ಕ್ಯಾರಮೆಲ್ ಹದವಾಗಿ ಗಟ್ಟಿಯಾಗುವವರೆಗೆ ಕಾದು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಉರುಳಿಸಿದರು. ಎಪ್ಪತ್ತೆರಡು ತುಂಡು. ಅಳತೆಪಟ್ಟಿ ಇಟ್ಟು ನೋಡಿದೆವು, ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ಸಮಿತಿಯ ಮುಖ ಬಾಡಿತು. ನನಗೆ ಮಾತ್ರ ಎದೆ ತುಂಬಿ ಬಂತು. ಅದನ್ನು ವರದಿಯಲ್ಲಿ ಬರೆಯಲಿಲ್ಲ.

ಅಧ್ಯಕ್ಷರು ಒಂದು ತುಂಡನ್ನು ಬೆಳಕಿಗೆ ಹಿಡಿದರು. "ಇದು ಮನೇಲೇ ಮಾಡಿದ್ದಾ?"

"ಹೌದು ಸಾರ್, ನನ್ನ ಅಡುಗೆಮನೇಲೇ."

"ಮನೇಲಿ ಮಾಡಿದ್ದು ಇಷ್ಟು ನೇರ ಇರುತ್ತಾ? ನಮ್ಮನೇಲಿ ಗೋಡೆಗೆ ಹೊಡೆದ ಮೊಳೆನೂ ನೇರ ಇಲ್ಲ."

"ಹಾಗಾದ್ರೆ ಸೊಟ್ಟಗೆ ಕತ್ತರಿಸ್ಲಾ?"

"ಛೆ, ಸೊಟ್ಟಗಿದ್ರೆ ನಿಯಮ ಒಪ್ಪಲ್ಲ."

ಕಾರ್ಖಾನೆಯ ಮಾಲೆಂಬ ಸಂಶಯದ ಮೇಲೆ ಎಪ್ಪತ್ತೆರಡನ್ನೂ ನಾಶಪಡಿಸಲಾಯಿತು.

ಅಕ್ಕ ಖಾಲಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದರು. "ಹನ್ನೆರಡು ತಟ್ಟೆ ನುಂಗಿದ್ರಲ್ಲ, ಒಂದು ಚೀಟಿ ಕೊಡೋಕೆ ನಿಮಗೇನು ದಾಡಿ? ಇನ್ಮೇಲೆ ನಾನು ಈ ಕಡೆ ತಲೆ ಹಾಕಲ್ಲ!"

ಕಚೇರಿಯಲ್ಲಿ ಗಾಬರಿ ಹಬ್ಬಿತು. ತುರ್ತು ಸಭೆ ಸೇರಿ, "ಖಾಯಂ ಅರ್ಜಿದಾರರು" ಎಂಬ, ಗುರುವಾರಕ್ಕೊಂದು ತಟ್ಟೆ ತರುವ ಹುದ್ದೆ ಸೃಷ್ಟಿಸಿ, ಅಕ್ಕನನ್ನೇ ನೇಮಿಸಲಾಯಿತು. ತಿಂಗಳ ಸಂಬಳ, ಒಂದು ಕುರ್ಚಿ, ನಿವೃತ್ತಿ ವೇತನ. ಷರತ್ತು ಒಂದೇ: ಅರ್ಜಿ ಇತ್ಯರ್ಥವಾಗದೆ ಇರತಕ್ಕದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ಎರಡು ತಟ್ಟಿದರು.

ಮೊನ್ನೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ವಿಷಯ ತಿಳಿಯದೆ ಅಕ್ಕನ ಪ್ರಮಾಣಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಅಕ್ಕ ಕುರ್ಚಿಯಿಂದ ಎದ್ದು ಓಡಿಬಂದು ಅವರ ಕೈ ಹಿಡಿದುಕೊಂಡರು.

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಸಾರ್."