ಕಾರ್ಡು ಸರಿಸಿದ ಕೈ ಯಾವುದು?

ವಾದದಲ್ಲಿ ನನ್ನನ್ನು ಸೋಲಿಸುವವರು ಆವರೆಗೆ ಯಾರೂ ಹುಟ್ಟಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಸ್ಟೀಲ್ ಲೋಟಗಳಲ್ಲೇ ನಮ್ಮ ಮನೆಯವರೆಲ್ಲ ಕಾಫಿ ಕುಡಿಯುತ್ತಿದ್ದರು. ದೇವರಿಲ್ಲ ಎಂದು ವಾದಿಸಿ ಗೆದ್ದ ಲೋಟವನ್ನು ಮಾತ್ರ ಅಮ್ಮ ತೀರ್ಥಕ್ಕೆ ಇಟ್ಟುಕೊಂಡಿದ್ದಳು. ಅದು ಬೇರೆ ಮಾತು.

ಅಂಥ ನಾನು ಎಂಬತ್ತರ ದಶಕದ ಮೊದಲಲ್ಲಿ ಕೋಲಾರದ ಕಡೆಯಿಂದ ಹೊಸೂರಿಗೆ ಬಂದು ಒಂದು ಕಾರ್ಖಾನೆಯ ಪ್ಲಾನಿಂಗ್ ವಿಭಾಗ ಸೇರಿದೆ. ವಿಭಾಗವೆಂದರೆ ಒಂದು ಕೋಣೆ, ಒಂದು ಮೇಜು, ಗೋಡೆಯ ಮೇಲೊಂದು ದೊಡ್ಡ ಬೋರ್ಡು ಮತ್ತು ನಾನು. ಬೋರ್ಡಿನಲ್ಲಿ ಎರಡು ವಾರದ ಕೆಲಸದ ದಿನಗಳಿಗೆ ಒಂದೊಂದು ಖಾನೆ. ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಕಾರ್ಡು ಯಾವ ಖಾನೆಯಲ್ಲಿದೆಯೋ ಕೆಲಸ ಆ ದಿನ. ಮೇಲೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ.

ಬಂದ ತಿಂಗಳಲ್ಲೇ ಮೂರು ನಿಯಮ ಜಾರಿಗೆ ತಂದೆ. ಅರ್ಜೆಂಟ್ ಕೆಲಸದ ಕಾರ್ಡಿಗೆ ಮ್ಯಾನೇಜರ್ ಕೆಂಪು ಚುಕ್ಕೆ ಇಡಬೇಕು. ಚುಕ್ಕೆ ಕಂಡರೆ ಕಾರ್ಡು ಒಂದು ಖಾನೆ ಮೊದಲಿಗೆ ಬರಬೇಕು. ಸರಿಸಿದವರು ಕಾರ್ಡಿನ ಬೆನ್ನಿಗೆ ಸಹಿ ಹಾಕಬೇಕು. ಜಗತ್ತು ನಡೆಯುವುದು ನಿಯಮದಿಂದ, ನಂಬಿಕೆಯಿಂದಲ್ಲ!

ಒಂದು ಗುರುವಾರ ಲೇತ್ ಆಪರೇಟರ್ ಮುನಿರಾಜು ಕೋಣೆಗೆ ನುಗ್ಗಿದ. ಉದ್ದನಪಲ್ಲಿಯವನು, ದಿನಾ ಸೈಕಲ್ಲೋ ಬಸ್ಸೋ ಹಿಡಿದು ಬರುವವನು.

"ಸಾ, ನಾಡಿದ್ದು ಶನಿವಾರ ನಂಗೆ ರಜಾ ಕೊಟ್ಟವ್ರೆ. ಈಗ ನೋಡುದ್ರೆ ಸೋಮ್ವಾರದಾಗಿದ್ದ ನನ್ ಕಾರ್ಡು ಶನಿವಾರಕ್ಕೆ ಬಂದ್ಬುಟ್ಟದೆ! ರಾಗಿ ಕುಯ್ಯಕ್ಕೆ ಎಂಟು ಜನ ಮುಯ್ಯಾಳಿಗೆ ಹೇಳಿವ್ನಿ. ಅವ್ರ ಹೊಲಕ್ಕೆ ನಾನು ಹೋಗಿದ್ದೆ, ಈಗ ನನ್ ಹೊಲಕ್ಕೆ ಅವ್ರು ಬತ್ತಾವ್ರೆ. ನಾನೇ ಇಲ್ದಿದ್ರೆ ಊರಾಗೆ ತಲೆ ಎತ್ತಂಗಿಲ್ಲ. ಅತ್ಲಾಗಿ ಸಾನಮಾವು ಕಾಡಿನ ಆನೆಗಳು ಪಕ್ಕದ ಹೊಲಕ್ಕೆ ಇಳ್ದವೆ. ಅವು ರಜಾ ಚೀಟಿ ಕೇಳಲ್ಲ ಸಾ."

"ಸಂಜೆಯೊಳಗೆ ನ್ಯಾಯ ಸಿಗುತ್ತೆ" ಎಂದೆ.

"ನ್ಯಾಯ ಯಾಕ್ ಸಾ? ಕಾರ್ಡು ವಾಪಸ್ ಸೋಮ್ವಾರಕ್ಕೆ ಇಟ್ಬುಡಿ, ಮುಗೀತು."

"ಮುಗೀತಾ? ಇದು ಒಂದು ಕಾರ್ಡಿನ ಪ್ರಶ್ನೆಯಲ್ಲ ಮುನಿರಾಜು, ತತ್ತ್ವದ ಪ್ರಶ್ನೆ! ಈ ಕಾರ್ಡಿನ ಮೇಲೆ ಯಾರ್ಯಾರ ಕೈ ಬೀಳಬಹುದು ಅನ್ನೋದು ಮೊದಲು ತೀರ್ಮಾನವಾಗಬೇಕು."

ಗಾಜಿನೊಳಗೆ ಇಣುಕಿದೆ. ಕಾರ್ಡಿನ ಮೂಲೆಯಲ್ಲಿ ಕೆಂಪು ಚುಕ್ಕೆ! ಮ್ಯಾನೇಜರ್ ಹತ್ತಿರ ಓಡಿದೆ. ಸೇಲಂ ಕಡೆಯ ಅವರು ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ, "ನಾನು ಇಡಲೇ ಇಲ್ಲಪ್ಪಾ" ಎಂದರು. ಅಂದರೆ ಖೋಟಾ ಚುಕ್ಕೆ! ಅಪರಾಧ ಒಂದಲ್ಲ, ಎರಡು!

ಪಟ್ಟಿ ಶುರುವಾಯಿತು. ನೋಡುವವರು, ಬರೆಯುವವರು, ಸರಿಸುವವರು ಎಂದು ಮೂರು ಕಲಂ ಗೆರೆ ಎಳೆದೆ. ನನ್ನ ಬಳಿಯಿದ್ದದ್ದು ಬಿಟ್ಟು ಇನ್ನೊಂದು ಬೀಗದ ಕೈ ಎಲ್ಲಿರುತ್ತದೆಂದು ವಿಚಾರಿಸಿದಾಗ ಮೊದಲ ಆಘಾತ. ಅದು ಕೋಣೆಯ ದೇವರ ಪಟದ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಪಟಕ್ಕೆ ಕೈ ಮುಗಿಯದೆ ಯಾರೂ ಶಿಫ್ಟಿಗೆ ಇಳಿಯುತ್ತಿರಲಿಲ್ಲ. ನಾನೊಬ್ಬನೇ ಆ ಕಡೆ ತಲೆ ಹಾಕದವನು! ಹೀಗಾಗಿ ಎಲ್ಲ ಹೆಸರೂ ಮೂರೂ ಕಲಮಿಗೆ ಬಿತ್ತು. ವಾಚ್‌ಮನ್ ಸಹ. ಅವನು ಬೋರ್ಡಿನ ಗಾಜಿನಲ್ಲಿ ಮೀಸೆ ತೀಡಿಕೊಳ್ಳುತ್ತಿದ್ದ.

ಕಸ ಗುಡಿಸುವ ಪಾಪಮ್ಮನನ್ನು ಕರೆದೆ. ನಮ್ಮಮ್ಮನ ವಯಸ್ಸಿನಾಕೆ.

"ನೀವು ಬೋರ್ಡು ಮುಟ್ಟುತ್ತೀರಾ?"

"ಮುಟ್ದೆ ಒರ್ಸೋದು ಎಂಗಪ್ಪಾ? ಊದ್ಲಾ?"

"ಹೌದೋ ಅಲ್ಲವೋ ಅಷ್ಟೇ ಹೇಳಿ."

"ಹೌದು ಕಣಪ್ಪಾ. ಬರ್ಕೋ."

ಬರೆದುಕೊಂಡೆ. ಇಪ್ಪತ್ತಮೂರು ಹೆಸರು! ಸಾಕ್ಷ್ಯನಾಶ ಆಗದಿರಲೆಂದು ಬೋರ್ಡಿಗೆ ಬೀಗ ಜಡಿದು, ಎರಡೂ ಬೀಗದ ಕೈಗಳನ್ನು ಜೇಬಿಗಿಳಿಸಿ, ಗೆದ್ದವನ ನಡಿಗೆಯಲ್ಲಿ ರೂಮಿಗೆ ಹೋದೆ.

ಮರುದಿನ ಬೆಳಗ್ಗೆ ಬಸ್ಸು ಕೆಟ್ಟಿತು. ನಾನು ನಡೆದುಕೊಂಡು ಕಾರ್ಖಾನೆ ಸೇರುವಷ್ಟರಲ್ಲಿ ಇಡೀ ಶಿಫ್ಟು ಬೋರ್ಡಿನ ಮುಂದೆ ಕೈ ಕಟ್ಟಿ ನಿಂತಿತ್ತು. ಕಾರ್ಡು ಕೈಗೆ ಸಿಗದೆ ಯಾವ ಮಿಷಿನ್ನೂ ಶುರುವಾಗಿರಲಿಲ್ಲ. ಮ್ಯಾನೇಜರ್ ಮುಖ ಬಾಯ್ಲರಿನಂತಿತ್ತು. ನನಗೆ ಮಾತ್ರ ಖುಷಿ. ಇಷ್ಟು ದೊಡ್ಡ ಸಭೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ!

ಬೀಗ ತೆಗೆದು ಆ ಕಾರ್ಡನ್ನು ಎತ್ತಿ ಹಿಡಿದೆ. "ಮಾನ್ಯರೇ, ಈ ಚುಕ್ಕೆ ಇಟ್ಟವರು ಇಲ್ಲೇ ಇದ್ದಾರೆ!"

"ಇಲ್ಲೇ ಇವ್ನಿ ಕಣಪ್ಪಾ" ಎಂದಳು ಪಾಪಮ್ಮ ಪೊರಕೆ ಕೆಳಗಿಟ್ಟು. "ಅದು ಕುಂಕುಮ. ಹೋದ ಶುಕ್ರವಾರ ಪೂಜೆ ದಿನ ಎಲ್ಲಾ ಮಿಷಿನ್ನಿಗೂ ಬೊಟ್ಟಿಟ್ಟೆ. ಮುನಿರಾಜನ ಮಿಷಿನ್ನು ರಿಪೇರಿಗೆ ಬಿಚ್ಚಾಕಿದ್ರು. ಅದೊಂದಕ್ಕೆ ಪೂಜೆ ತಪ್ಬಾರ್ದು ಅಂತ ಅದರ ಕಾರ್ಡಿಗೆ ಇಟ್ಟೆ."

"ನಿನ್ನೆ ಯಾಕೆ ಹೇಳಲಿಲ್ಲ?"

"ನೀನು ಮುಟ್ತೀರಾ ಅಂದೆ. ಬೊಟ್ಟಿಟ್ರಾ ಅಂತ ಕೇಳಿದ್ಯಾ? ಹೌದೋ ಅಲ್ವೋ ಅಷ್ಟೇ ಹೇಳು ಅಂತ ಬೇರೆ ಅಂದೆ."

ಸಭೆ ನಕ್ಕಿತು. ಅಂಕ ಪಾಪಮ್ಮನಿಗೆ! ಆದರೂ ನಾನು ಕುಗ್ಗಲಿಲ್ಲ.

"ಸರಿ. ಬೊಟ್ಟಿಟ್ಟವರು ಇವರು. ಹಾಗಾದರೆ ಕಾರ್ಡು ಸರಿಸಿದ ಕೈ ಯಾವುದು?"

ಮುನಿರಾಜು ಕೆಮ್ಮಿದ. "ಸಾ, ಸರಿಸ್ದೋರು ಬೆನ್ನಿಗೆ ಸೈನ್ ಹಾಕ್ಬೇಕು ಅಂತ ನೀವೇ ಅಲ್ವಾ ರೂಲ್ಸ್ ಮಾಡಿದ್ದು? ತಿರುಗ್ಸಿ ನೋಡಿದ್ರಾ?"

ತಿರುಗಿಸಿದೆ.

ಸಹಿ ಬಹಳ ಚೆನ್ನಾಗಿತ್ತು. ಕೆಳಗೆ ಎರಡು ಗೆರೆ, ಕೊನೆಗೊಂದು ಬಾಲ. ಕಾಲೇಜಿನ ದಿನಗಳಿಂದ ನಾನು ಅಭ್ಯಾಸ ಮಾಡಿದ್ದ ಸಹಿ!

ಆಗ ನೆನಪಾಯಿತು. ಹೋದ ಶುಕ್ರವಾರ ಪೂಜೆಯ ಹೊತ್ತಿಗೆ ನಾನು ಗೇಟಿನಾಚೆ ಟೀ ಅಂಗಡಿಯಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡುತ್ತಿದ್ದೆ. ಒಳಗೆ ಬಂದವನು ಕೆಂಪು ಚುಕ್ಕೆ ಕಂಡೆ, ಕಾರ್ಡು ಸರಿಸಿದೆ, ಸಹಿ ಹಾಕಿದೆ, ಮರೆತೆ. ದಿನಕ್ಕೆ ನಲವತ್ತು ಕಾರ್ಡು ಸರಿಸುವ ಕೈಗೆ ಯಾವುದೆಂದು ನೆನಪಿರಬೇಕು? ಪೂಜೆಯಲ್ಲಿ ನಿಂತಿದ್ದರೆ ಬೊಟ್ಟಿಡುವುದು ಕಣ್ಣಿಗೆ ಬೀಳುತ್ತಿತ್ತು!

ಮ್ಯಾನೇಜರ್ ನನ್ನ ಪಟ್ಟಿಯನ್ನು ನಿಧಾನವಾಗಿ, ಮೇಲಿಂದ ಕೆಳಗೆ ಓದಿದರು. "ಇಪ್ಪತ್ತಮೂರು ಪೇರು ಇರ್ಕು. ಉನ್ ಪೇರು ಎಂಗಪ್ಪಾ?" ಎಂದರು.

ನನ್ನ ಹೆಸರು ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ತನಿಖೆ ಮಾಡುವವನ ಹೆಸರು ಯಾರಾದರೂ ಬರೆಯುತ್ತಾರೆಯೇ? ಈ ವಾದ ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ನುಂಗಿದೆ. ಪೆನ್ಸಿಲ್ ತೆಗೆದು ಇಪ್ಪತ್ತನಾಲ್ಕನೆಯ ಹೆಸರು ನನ್ನದೇ ಬರೆದು, ಕಾರ್ಡನ್ನು ಸೋಮವಾರದ ಖಾನೆಗೆ ಇಟ್ಟೆ. ಅರ್ಧ ನಿಮಿಷದ ಕೆಲಸ. ಮುನಿರಾಜು ನಿನ್ನೆಯೇ ಹೇಳಿದ್ದ.

"ಬತ್ತೀನಿ ಸಾ" ಎಂದು ಅವನು ಮಿಷಿನ್ನಿನ ಕಡೆ ಹೊರಟ. "ನಮ್ ಹೊಲದ ಕಡೆ ಬಂದ್ಬುಟ್ಟೀರ ಮತ್ತೆ. ಯಾರ್ಯಾರು ರಾಗಿ ತಿಂತಾರೆ ಅಂತ ನೀವು ಪಟ್ಟಿ ಮಾಡೋಷ್ಟ್ರಲ್ಲಿ ಆನೆ ತಿಂದ್ಕೊಂಡು ಹೋಗಿರ್ತದೆ."

ಅವತ್ತು ಶುಕ್ರವಾರ. ಮಧ್ಯಾಹ್ನ ಪೂಜೆಗೆ ನಾನೂ ನಿಂತೆ. ಭಕ್ತಿಯಿಂದಲ್ಲ, ಮೇಲ್ವಿಚಾರಣೆಗೆ! ಪಾಪಮ್ಮ ಎಲ್ಲ ಮಿಷಿನ್ನಿಗೂ ಬೊಟ್ಟಿಟ್ಟು, ಕುಂಕುಮದ ಬಟ್ಟಲು ಹಿಡಿದು ಕೋಣೆಗೆ ಬಂದಳು. ನಾನು ಕೈ ಚಾಚಿ ಬೋರ್ಡಿಗೆ ಅಡ್ಡ ನಿಂತೆ.

"ಇಲ್ಲಿ ಬೇಡಮ್ಮ. ಇಟ್ಟರೆ ಕೆಲಸ ಕೆಡುತ್ತೆ."

ಅವಳು ಒಂದು ಕ್ಷಣ ಯೋಚಿಸಿದಳು. ಆಮೇಲೆ ಉಂಗುರದ ಬೆರಳನ್ನು ಕುಂಕುಮದಲ್ಲಿ ಅದ್ದಿ, ನನ್ನ ಹಣೆಗೆ ಒತ್ತಿದಳು.

"ಇಲ್ಲಿಟ್ರೆ ಯಾವ ಕೆಲ್ಸಾನೂ ಕೆಡಲ್ಲ ಬಿಡಪ್ಪಾ" ಎಂದಳು.

ಪ್ರತಿವಾದಕ್ಕೆ ಬಾಯಿ ತೆರೆದೆ. ಆದರೆ ಅವತ್ತಿನ ಸ್ಟೀಲ್ ಲೋಟ ಪಾಪಮ್ಮನಿಗೇ!